ಇಪ್ಪತ್ತೈದನೆಯ ಕೀಲಿ

ನಾನು 32 ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದವನು. ಮಕ್ಕಳ ಉತ್ತರ ಪತ್ರಿಕೆಗಳಲ್ಲಿ ತಪ್ಪು ಹುಡುಕುವುದು ನನ್ನ ವೃತ್ತಿಯ ಮುಖ್ಯ ಭಾಗವಾಗಿತ್ತು. ಕೆಂಪು ಶಾಯಿಯ ಲೇಖನಿ ಕೈಗೆ ಬಂದರೆ ಸಾಕು, ಒತ್ತಕ್ಷರ ಬಿಟ್ಟವರು, ದೀರ್ಘ ಮರೆತವರು, ವಿಭಕ್ತಿ ಕೆಡಿಸಿದವರು ಎಲ್ಲರೂ ಒಬ್ಬೊಬ್ಬರಾಗಿ ಸಿಕ್ಕಿಬೀಳುತ್ತಿದ್ದರು. ಹೀಗಾಗಿ, ತಪ್ಪು ಎಲ್ಲಿದೆ, ಅದು ಯಾರದು ಎಂದು ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲವೆಂಬ ಅಭಿಮಾನವೊಂದು ನನ್ನಲ್ಲಿ ಬೇರುಬಿಟ್ಟಿತ್ತು. ನಾನು ನಿವೃತ್ತನಾದರೂ ಅದು ನಿವೃತ್ತವಾಗಲಿಲ್ಲ. 2010ರ ಬೇಸಿಗೆಯ ರಜೆಯಲ್ಲಿ, ಕೇವಲ ನಾಲ್ಕು ದಿನಗಳಲ್ಲಿ, ಹಳೆಯದೊಂದು ಕೀಲಿಮಣೆ ಆ ಅಭಿಮಾನವನ್ನು ಇಳಿಸಿತು.

ಆಗ ನನ್ನ ಬಳಿಯಿದ್ದ ಗಣಕಯಂತ್ರ ತುಂಬ ಹಳೆಯದು. ವಿಂಡೋಸ್‌ನ ಹೊಸ ಆವೃತ್ತಿಯ ಭಾರವನ್ನು ಹೊರುವ ಶಕ್ತಿ ಅದಕ್ಕಿರಲಿಲ್ಲ. ಹಣ ಕೊಟ್ಟು ಅದನ್ನು ಕೊಳ್ಳುವ ಮನಸ್ಸು ನನಗಿರಲಿಲ್ಲ. ಒಂದು ದಿನ ಮನೆಗೆ ಬಂದ ಹಳೆಯ ವಿದ್ಯಾರ್ಥಿಯೊಬ್ಬ, “ಮೇಷ್ಟ್ರೇ, ಇದಕ್ಕೆ ಲಿನಕ್ಸ್ ಹಾಕಿಕೊಡುತ್ತೇನೆ. ಇನ್ನೂ ಐದಾರು ವರ್ಷ ದುಡಿಯುತ್ತದೆ” ಎಂದು ಹೇಳಿ ಹಾಗೆಯೇ ಮಾಡಿಕೊಟ್ಟ. ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬ ತರುಣರು 1991ರಲ್ಲಿ ಇದರ ತಿರುಳನ್ನು ಬರೆಯತೊಡಗಿದರು. ಆಮೇಲೆ ನಾನಾ ದೇಶಗಳ ಸಾವಿರಾರು ಜನ ಆ ಕೆಲಸಕ್ಕೆ ಕೈಗೂಡಿಸಿದರು. ಯಾರು ಬೇಕಾದರೂ ಅದನ್ನು ಬಳಸಬಹುದು, ಒಳಗೆ ಏನಿದೆಯೆಂದು ಬಿಚ್ಚಿ ನೋಡಬಹುದು, ಬಲ್ಲವರು ತಿದ್ದಲೂಬಹುದು. ಅದರಲ್ಲಿ ಕನ್ನಡ ಬರೆಯುವ ಏರ್ಪಾಡು ಇತ್ತೆಂಬುದೇ ನನಗೆ ದೊಡ್ಡ ಸಂತೋಷ. ದಿನವೂ ಬೆಳಿಗ್ಗೆ ಕಾಫಿ ಮುಗಿಸಿ ಅದರ ಮುಂದೆ ಕುಳಿತು, ಹಳಗನ್ನಡ ಕಾವ್ಯಗಳನ್ನು ಕುರಿತು ಟಿಪ್ಪಣಿ ಬರೆಯುವುದು ನನ್ನ ನಿತ್ಯದ ಅಭ್ಯಾಸವಾಯಿತು.

ಮಗನ ಮಗ ಪುಟ್ಟ ನಮ್ಮ ಮನೆಯಲ್ಲಿಯೇ ಬೆಳೆದವನು. ಆಗ ಆರನೆಯ ತರಗತಿ ಮುಗಿಸಿದ್ದ. ಮಗಳ ಮಗಳು ಅವನಿಗಿಂತ ನಾಲ್ಕು ವರ್ಷ ದೊಡ್ಡವಳು. ಪ್ರತಿ ಬೇಸಿಗೆಯಲ್ಲಿಯೂ ಅವಳು ಮೈಸೂರಿಗೆ ಬಂದು ಒಂದು ತಿಂಗಳು ಇರುವುದು, ಪುಟ್ಟ ‘ಅಕ್ಕ, ಅಕ್ಕ’ ಎನ್ನುತ್ತ ಅವಳ ಬೆನ್ನಿಗೆ ಅಂಟಿಕೊಂಡಿರುವುದು ವಾಡಿಕೆ. ಆ ವರ್ಷ ಅವಳ ತಂದೆಗೆ ಗುವಾಹಟಿಗೆ ವರ್ಗವಾಗಿತ್ತು. ಗುರುವಾರ ಬಂದ ಹುಡುಗಿ ಸೋಮವಾರ ರೈಲು ಹತ್ತಬೇಕಾಗಿತ್ತು. ಮತ್ತೆ ಯಾವಾಗ ಬರುವಳೋ ಯಾರಿಗೂ ತಿಳಿಯದು. ಬರುವಾಗ ಅವಳು ಒಂದು ಲ್ಯಾಪ್‌ಟಾಪನ್ನೂ ಒಂದು ಆಟದ ಸಿ.ಡಿ.ಯನ್ನೂ ತಂದಿದ್ದಳು. ಎರಡು ಗಣಕಯಂತ್ರಗಳನ್ನು ಜೋಡಿಸಿ ಇಬ್ಬರು ಕೂಡಿ ಆಡುವ ಆಟ ಅದು. ಪಾಳುಬಿದ್ದ ಕೋಟೆಯೊಂದನ್ನು ಇಬ್ಬರು ಸಂಗಡಿಗರು ಹೊಕ್ಕು, ಒಬ್ಬರಿಗೊಬ್ಬರು ಬಾಗಿಲು ತೆರೆದುಕೊಡುತ್ತ, ಆಚೆಯ ಬುರುಜನ್ನು ಸೇರಬೇಕು. ಒಬ್ಬರೇ ಹೋದವರಿಗೆ ದಾರಿಯಿಲ್ಲ. ಅಕ್ಕ ದೂರವಾಣಿಯಲ್ಲಿ ಆ ಆಟದ ಸುದ್ದಿ ಹೇಳಿದಂದಿನಿಂದ ಪುಟ್ಟ ದಿನ ಎಣಿಸುತ್ತಿದ್ದ.

ಆದರೆ ಆಟ ವಿಂಡೋಸ್‌ಗಾಗಿ ಮಾಡಿದ್ದು. ನನ್ನ ಯಂತ್ರದಲ್ಲಿ ಇದ್ದದ್ದು ಲಿನಕ್ಸ್. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ‘ಇಲ್ಲಿ ಚಿತ್ರ ಬರೆ’, ‘ಈಗ ಸದ್ದು ಮಾಡು’, ‘ಯಾವ ಕೀಲಿಯನ್ನು ಒತ್ತಿದರು, ಹೇಳು’ ಎಂದು ಆಟವು ತನ್ನ ಭಾಷೆಯಲ್ಲಿ ಕೇಳುತ್ತದೆ. ಲಿನಕ್ಸ್‌ಗೆ ಅದು ಅರ್ಥವಾಗಬೇಕಾದರೆ ನಡುವೆ ಒಬ್ಬ ದ್ವಿಭಾಷಿ ನಿಲ್ಲಬೇಕು. ಅಂಥ ದ್ವಿಭಾಷಿಯೊಂದು ಇದೆ. ಅದರ ಹೆಸರು ವೈನ್. 1993ರಲ್ಲಿ ಕೆಲವರು ಅದನ್ನು ಆರಂಭಿಸಿದರು, 1.0 ಎಂಬ ಆವೃತ್ತಿ ಹೊರಬಂದದ್ದು 2008ರ ಜೂನ್ 17ರಂದು. ಹದಿನೈದು ವರ್ಷಗಳ ತಾಳ್ಮೆಯ ಫಲ ಅದು. ಹೆಸರು ಮಾತ್ರ ನಮ್ಮ ಮನೆಯಲ್ಲಿ ಸ್ವಲ್ಪ ಗೊಂದಲವನ್ನು ಉಂಟುಮಾಡಿತು. “ತಾತ, ವೈನ್ ಹಾಕಿದರೆ ಆಟ ನಡೆಯುತ್ತದೆ!” ಎಂದು ಪುಟ್ಟ ಕೂಗಿದಾಗ, ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನನ್ನ ಹೆಂಡತಿ ಸೌಟನ್ನು ಹಿಡಿದುಕೊಂಡೇ ಹೊರಗೆ ಬಂದಳು. ಇದು ಕುಡಿಯುವ ವಸ್ತುವಲ್ಲವೆಂದು ಅವಳಿಗೆ ಮನವರಿಕೆ ಮಾಡಿಕೊಡುವ ವೇಳೆಗೆ ಒಗ್ಗರಣೆ ಸೀದುಹೋಗಿತ್ತು.

ಗುರುವಾರ ಸಂಜೆ ಆಟವನ್ನು ತೆರೆದೆವು. ಕೋಟೆ ಕಾಣಿಸಿತು, ಕಹಳೆಯ ಸದ್ದೂ ಕೇಳಿಸಿತು. ಬಾಣದ ಗುರುತಿನ ಕೀಲಿಗಳಿಂದ ಆಯ್ಕೆಯ ಪಟ್ಟಿಯಲ್ಲಿ ಮೇಲೆ ಕೆಳಗೆ ಸರಿಯಬಹುದಾಗಿತ್ತು. ಎಂಟರ್ ಒತ್ತಿದರೆ ಬಾಗಿಲು ತೆರೆಯಿತು. ವೀರನು ಅಂಗಳಕ್ಕೆ ಬಂದು ನಿಂತ. ನಿಂತವನು ನಿಂತೇ ಇದ್ದ. ಡಬ್ಲ್ಯೂ ಕೀಲಿಯನ್ನು ಒತ್ತಿದರೆ ಮುಂದಕ್ಕೆ, ಎಸ್ ಒತ್ತಿದರೆ ಹಿಂದಕ್ಕೆ, ಎ ಒತ್ತಿದರೆ ಎಡಕ್ಕೆ, ಡಿ ಒತ್ತಿದರೆ ಬಲಕ್ಕೆ ಅವನು ನಡೆಯಬೇಕು. ಪುಟ್ಟ ಮೆಲ್ಲಗೆ ಒತ್ತಿದ, ಬಲವಾಗಿ ಒತ್ತಿದ, ಕೊನೆಗೆ ಕುಟ್ಟಿದ. ವೀರನು ಕಲ್ಲಿನ ವಿಗ್ರಹದಂತೆ ಅಲುಗಾಡಲಿಲ್ಲ.

ನಾನು ಹಿಂದೆ ನಿಂತು ನೋಡುತ್ತಿದ್ದೆ. ಕೆಲವು ದಿನಗಳ ಹಿಂದೆ ಪುಟ್ಟ ಆ ಕೀಲಿಮಣೆಯ ಮೇಲೆ ತಾಳ ಹಾಕುತ್ತ ಕುಳಿತಿದ್ದುದು ನನಗೆ ನೆನಪಾಯಿತು. ಅಲ್ಲಿಗೆ ವಿಚಾರಣೆ ಮುಗಿಯಿತು.

“ಕೀಲಿಗಳನ್ನು ಗುದ್ದಿ ಗುದ್ದಿ ಹಾಳು ಮಾಡಿದ್ದೀಯೆ. ಎಷ್ಟು ಸಲ ಹೇಳಿದ್ದೆ ನಿನಗೆ?” ಎಂದು ಗದರಿಸಿದೆ.

“ನಾನು ಹಾಳು ಮಾಡಿಲ್ಲ ತಾತ.”

“ಸುಳ್ಳು ಬೇರೆ ಹೇಳುತ್ತೀಯಾ?”

ಪುಟ್ಟ ಮತ್ತೆ ಮಾತಾಡಲಿಲ್ಲ. ರಾತ್ರಿ ಅರ್ಧ ಊಟ ಬಿಟ್ಟು ಎದ್ದು, ಗೋಡೆಯ ಕಡೆಗೆ ಮುಖಮಾಡಿ ಮಲಗಿದ. ನಾಲ್ಕು ದಿನಗಳಲ್ಲಿ ಒಂದು ದಿನ ಹಾಗೆ ಕಳೆಯಿತು.

ಶುಕ್ರವಾರ ಪೇಟೆಗೆ ಹೋಗಿ ಹೊಸ ಕೀಲಿಮಣೆ ತಂದೆ. ಹಳೆಯದನ್ನು ಅಟ್ಟದ ಮೇಲಕ್ಕೆ ಎಸೆದೆ. ಹೊಸದನ್ನು ಜೋಡಿಸಿ ಆಟ ತೆರೆದರೆ, ವೀರನು ಅದೇ ಅಂಗಳದಲ್ಲಿ ಅದೇ ಭಂಗಿಯಲ್ಲಿ ನಿಂತಿದ್ದ. ಯಾವ ನ್ಯಾಯಾಧೀಶನಾದರೂ ಆ ಕ್ಷಣದಲ್ಲಿ ತನ್ನ ತೀರ್ಪನ್ನು ಹಿಂದಕ್ಕೆ ಪಡೆಯಬೇಕಾಗಿತ್ತು. ನಾನು ಪಡೆಯಲಿಲ್ಲ. ವೈನ್ ಸರಿಯಿಲ್ಲ, ಲಿನಕ್ಸ್ ಸರಿಯಿಲ್ಲ, ಆಟವೇ ಸರಿಯಿಲ್ಲ ಎಂದು ಅಪರಾಧಿಗಳ ಪಟ್ಟಿಯನ್ನು ಉದ್ದಮಾಡಿದೆನೇ ಹೊರತು, ಪುಟ್ಟನ ಹೆಸರನ್ನು ಅದರಿಂದ ಹೊಡೆದುಹಾಕಲಿಲ್ಲ. ದೊಡ್ಡವರಿಗೆ ತಪ್ಪು ಮಾಡುವುದು ಸುಲಭ. ಮಾಡಿದೆನೆಂದು ಒಪ್ಪಿಕೊಳ್ಳುವುದು ಕಷ್ಟ.

ಮೊಮ್ಮಗಳ ರೀತಿ ಬೇರೆ. ಶನಿವಾರ ಬೆಳಿಗ್ಗೆ ಅವಳು ಒಂದು ಹಳೆಯ ನೋಟುಪುಸ್ತಕವನ್ನು ತೆಗೆದುಕೊಂಡು ನಡುವೆ ಗೆರೆ ಎಳೆದಳು. ಕೆಲಸ ಮಾಡುವ ಕೀಲಿಗಳು ಒಂದು ಕಡೆ, ಮಾಡದವು ಇನ್ನೊಂದು ಕಡೆ. ಬಾಣದ ಕೀಲಿಗಳು, ಎಂಟರ್, ಸ್ಪೇಸ್ ಎಲ್ಲವೂ ಸರಿಯಾಗಿದ್ದವು. ಕೆಟ್ಟವೆಲ್ಲ ಅಕ್ಷರಗಳ ಕೀಲಿಗಳೇ. “ತಾತ, ನೀವು ಲೇಖನ ಬರೆಯುವಾಗ ಈ ಕೀಲಿಗಳು ಕೆಲಸ ಮಾಡುತ್ತವೆಯೇ?” ಎಂದು ಕೇಳಿದಳು. ಮಾಡುತ್ತಿದ್ದವು, ಅಂದು ಬೆಳಿಗ್ಗೆಯೇ ಎರಡು ಪುಟ ಬರೆದಿದ್ದೆ. ಹಾಗಾದರೆ ಕೀಲಿ ಕೆಟ್ಟಿಲ್ಲ, ಕೀಲಿಯಿಂದ ಹೊರಟ ಮಾತು ಆಟವನ್ನು ಮುಟ್ಟುವ ಮೊದಲು ಎಲ್ಲಿಯೋ ಕೆಡುತ್ತಿದೆ ಎಂದು ಅವಳು ತರ್ಕಿಸಿದಳು.

ಹಳೆಯ ವಿದ್ಯಾರ್ಥಿಗೆ ದೂರವಾಣಿ ಮಾಡಿದೆ. “ಕೀಲಿ ಏನು ಹೇಳುತ್ತಿದೆಯೆಂದು ಯಂತ್ರವನ್ನೇ ಕೇಳಿ ನೋಡಿ ಮೇಷ್ಟ್ರೇ” ಎಂದು ಹೇಳಿ, ಅದಕ್ಕೆಂದೇ ಇರುವ ‘ಎಕ್ಸ್‌ಈವಿ’ ಎಂಬ ಚಿಕ್ಕ ಸಾಧನವೊಂದನ್ನು ತಿಳಿಸಿದ. ಅದನ್ನು ತೆರೆದು ಯಾವುದಾದರೂ ಕೀಲಿಯನ್ನು ಒತ್ತಿದರೆ, ಎರಡು ಸಂಗತಿಗಳು ತೆರೆಯ ಮೇಲೆ ಮೂಡುತ್ತವೆ. ಒಂದು, ಆ ಕೀಲಿಯ ಸಂಖ್ಯೆ. ಇನ್ನೊಂದು, ಆ ಸಂಖ್ಯೆಗೆ ಸದ್ಯಕ್ಕೆ ಗೊತ್ತುಮಾಡಿರುವ ಅಕ್ಷರ. ಸಂಖ್ಯೆ ಕೀಲಿಯು ಇರುವ ಸ್ಥಳಕ್ಕೆ ಸೇರಿದ್ದು, ಅದು ಬದಲಾಗುವುದಿಲ್ಲ. ಅಕ್ಷರ ನಾವು ಆರಿಸಿಕೊಂಡ ವಿನ್ಯಾಸಕ್ಕೆ ಸೇರಿದ್ದು, ಅದು ಬದಲಾಗುತ್ತದೆ.

ಮೊಮ್ಮಗಳು ಡಬ್ಲ್ಯೂ ಒತ್ತಿದಳು. ತೆರೆಯ ಮೇಲೆ 25 ಎಂಬ ಸಂಖ್ಯೆ ಬಂತು. ಅದರ ಮುಂದೆ ಬಂದ ಅಕ್ಷರ ಡಬ್ಲ್ಯೂ ಅಲ್ಲ. ಕನ್ನಡದ ಐತ್ವದ ಚಿಹ್ನೆ!

ನಾನು ಬೆರಗಾಗಿ ನೋಡಿದೆ. ನಮ್ಮಲ್ಲಿ ಹೆಚ್ಚು ಜನ ಬಳಸುವುದು ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ವಿನ್ಯಾಸವನ್ನು. ನಾನು ಕಲಿತದ್ದು ಭಾರತೀಯ ಭಾಷೆಗಳಿಗೆಲ್ಲ ಸಮಾನವಾಗಿ ಹೊಂದಿಸಿದ ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸವನ್ನು. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಡಬ್ಲ್ಯೂ ಇರುವಲ್ಲಿ ಐತ್ವ. ಎಸ್ ಇರುವಲ್ಲಿ ಏತ್ವದ ದೀರ್ಘ. ಎ ಇರುವಲ್ಲಿ ಓತ್ವದ ದೀರ್ಘ. ಡಿ ಇರುವಲ್ಲಿ ಅರ್ಧಾಕ್ಷರದ ಚಿಹ್ನೆ. ಎರಡು ದಿನಗಳಿಂದ ಪುಟ್ಟ ಆ ವೀರನಿಗೆ ‘ಮುಂದೆ ನಡೆ’ ಎಂದು ಆಜ್ಞೆ ಮಾಡುತ್ತಿದ್ದರೆ, ನಡುವೆ ನಿಂತ ದ್ವಿಭಾಷಿಯ ಕಿವಿಗೆ ಬಿದ್ದದ್ದು ‘ಐತ್ವ’! ನನ್ನ ತರಗತಿಯಲ್ಲಿ ಕುಳಿತವನಾಗಿದ್ದರೆ ಆ ವೀರನು ಐತ್ವವನ್ನು ಬರೆದಾದರೂ ತೋರಿಸುತ್ತಿದ್ದ; ಪಾಪ, ಪರದೇಶದವನು, ಸುಮ್ಮನೆ ನಿಂತಿದ್ದ.

ಕೂಡಲೇ ನಾನು ವಿನ್ಯಾಸವನ್ನು ಇಂಗ್ಲಿಷಿಗೆ ಬದಲಾಯಿಸಿದೆ. ಈಗ 25ರ ಮುಂದೆ ಡಬ್ಲ್ಯೂ ಸರಿಯಾಗಿಯೇ ಬಂತು. ಆದರೆ ಆಟ ತೆರೆದರೆ ಮತ್ತೆ ಅದೇ ವಿಗ್ರಹ. ನಾನು ಕೈಚೆಲ್ಲಿ ಕುಳಿತೆ. ಮೊಮ್ಮಗಳು ಕೈಚೆಲ್ಲಲಿಲ್ಲ. “ತಾತ, ನಿಮ್ಮ ಪಟ್ಟಿಯಲ್ಲಿ ಎರಡು ವಿನ್ಯಾಸಗಳಿವೆಯಲ್ಲ, ಮೊದಲನೆಯದು ಯಾವುದು?” ಎಂದಳು. ಮೊದಲನೆಯದು ಕನ್ನಡ, ಎರಡನೆಯದು ಇಂಗ್ಲಿಷ್. ಅವಳು ಅವೆರಡರ ಸ್ಥಾನವನ್ನಷ್ಟೇ ಅದಲುಬದಲು ಮಾಡಿ, ಯಂತ್ರವನ್ನು ಹೊಸದಾಗಿ ಆರಂಭಿಸಿ, ಆಟವನ್ನು ತೆರೆದಳು. ಡಬ್ಲ್ಯೂ ಒತ್ತಿದಳು. ವೀರನು ಒಂದು ಹೆಜ್ಜೆ ಮುಂದಿಟ್ಟ.

ಕಾರಣ ಆಮೇಲೆ ತಿಳಿಯಿತು. ನಮ್ಮಲ್ಲಿದ್ದ ವೈನ್ ಕೆಲಸ ಆರಂಭಿಸುವಾಗ ಕೀಲಿಗಳನ್ನು ಒಮ್ಮೆ ಗುರುತುಮಾಡಿಕೊಳ್ಳುತ್ತಿತ್ತು. ಆಗ ಅದು ನೋಡುತ್ತಿದ್ದುದು ಪಟ್ಟಿಯ ಮೊದಲನೆಯ ವಿನ್ಯಾಸವನ್ನು. ಅಲ್ಲಿ ಅದಕ್ಕೆ ಪರಿಚಿತವಾದ ಅಕ್ಷರ ಒಂದೂ ಸಿಕ್ಕದೆ ಗುರುತು ತಪ್ಪುತ್ತಿತ್ತು. ಆಮೇಲೆ ನಾವು ಇಂಗ್ಲಿಷಿಗೆ ಬದಲಾಯಿಸಿದರೂ ಅದು ತನ್ನ ಮೊದಲ ಗುರುತನ್ನು ಬಿಡುತ್ತಿರಲಿಲ್ಲ. ಮೊದಲ ನೋಟದಲ್ಲಿ ತಪ್ಪಾಗಿ ತಿಳಿದು, ಆಮೇಲೆ ಅದನ್ನೇ ಹಿಡಿದು ಕೂರುವ ಸ್ವಭಾವ ಯಂತ್ರಕ್ಕೂ ಉಂಟೆಂದು ಕಂಡಾಗ, ಅದರ ಮೇಲೆ ಸಿಟ್ಟು ಮಾಡುವ ಧೈರ್ಯ ನನಗೆ ಬರಲಿಲ್ಲ. ಕನ್ನಡವನ್ನು ಪಟ್ಟಿಯ ಅಗ್ರಸ್ಥಾನದಲ್ಲಿ ಇರಿಸಿದವನಾದರೂ ಯಾರು? ನಮ್ಮ ನುಡಿಗೆ ಮೊದಲ ಮಣೆ ಸಲ್ಲಬೇಕೆಂಬ ಅಭಿಮಾನದಿಂದ ನಾನೇ ಇರಿಸಿದ್ದೆ. ಕನ್ನಡದ ತಪ್ಪು ಅದರಲ್ಲಿ ಏನೂ ಇಲ್ಲ. ಇರಿಸಿದ್ದನ್ನು ಮರೆತು, ಮಗುವಿನ ಬೆರಳನ್ನು ದೂರಿದ್ದು ನನ್ನ ತಪ್ಪು.

ನಾನು ಅಟ್ಟ ಹತ್ತಿ ಹಳೆಯ ಕೀಲಿಮಣೆಯನ್ನು ಇಳಿಸಿ, ಧೂಳು ಒರೆಸಿ, ಯಂತ್ರಕ್ಕೆ ಜೋಡಿಸಿದೆ. ಪುಟ್ಟನನ್ನು ಕರೆದು ಡಬ್ಲ್ಯೂ ಒತ್ತಲು ಹೇಳಿದೆ. ತೆರೆಯ ಮೇಲೆ 25 ಎಂದು ಸ್ಪಷ್ಟವಾಗಿ ಬಂತು. ಕೀಲಿ ಎಂದೂ ಕೆಟ್ಟಿರಲಿಲ್ಲವೆಂಬುದಕ್ಕೆ ಅದೇ ಸಾಕ್ಷಿ. “ನೀನು ಹಾಳು ಮಾಡಿರಲಿಲ್ಲ. ಸುಳ್ಳನ್ನೂ ಹೇಳಿರಲಿಲ್ಲ. ತಪ್ಪು ತಾತನದು” ಎಂದೆ. ಅಷ್ಟು ಮಾತನ್ನು ಹೇಳುವುದಕ್ಕೆ ನಾನು ಎರಡು ಸಲ ಗಂಟಲು ಸರಿಮಾಡಿಕೊಳ್ಳಬೇಕಾಯಿತು. ಪುಟ್ಟ ಸ್ವಲ್ಪ ಹೊತ್ತು ತೆರೆಯನ್ನೇ ನೋಡುತ್ತಿದ್ದು, “ಹಾಗಾದರೆ ಹೊಸ ಕೀಲಿಮಣೆಯನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುತ್ತಾರಾ ತಾತ?” ಎಂದು ಕೇಳಿದ. ಮಕ್ಕಳು ಕ್ಷಮಿಸುವ ರೀತಿಯೇ ಹಾಗೆ; ಕ್ಷಮಿಸಿದೆವೆಂದು ಹೇಳುವುದಿಲ್ಲ.

ಭಾನುವಾರ ಇನ್ನೊಂದು ತೊಡಕು ಕಾದಿತ್ತು. ಎರಡು ಯಂತ್ರಗಳನ್ನೂ ಅಂತರಜಾಲದ ರೂಟರ್‌ಗೆ ತಂತಿಯಿಂದ ಜೋಡಿಸಿ, ನನ್ನ ಯಂತ್ರದಲ್ಲಿ ಪುಟ್ಟ ಕೋಟೆಯ ಬಾಗಿಲು ತೆರೆದು ಅಕ್ಕನಿಗಾಗಿ ಕಾದ. ಅವಳ ತೆರೆಯ ಮೇಲೆ ನಮ್ಮ ಕೋಟೆಯ ಹೆಸರು ಕಾಣುತ್ತಿತ್ತು. ಒಳಗೆ ಬರಲು ಹೋದರೆ ಮಾತ್ರ, ಸ್ವಲ್ಪ ಹೊತ್ತು ತಡೆದು, ‘ಸಂಪರ್ಕ ಸಾಧ್ಯವಾಗಲಿಲ್ಲ’ ಎಂಬ ಅರ್ಥದ ಮಾತು ಬರುತ್ತಿತ್ತು. ಈ ಸಲ ನಾನು ಯಾರನ್ನೂ ಬೈಯಲಿಲ್ಲ; ನೋಟುಪುಸ್ತಕವನ್ನು ನಾನೇ ತಂದೆ.

ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸುತ್ತ ಹೋದೆವು. ತಂತಿ ಸರಿಯೇ? ಸರಿ, ರೂಟರ್‌ನ ದೀಪಗಳು ಮಿನುಗುತ್ತಿದ್ದವು. ಯಂತ್ರಗಳಿಗೆ ವಿಳಾಸ ಉಂಟೇ? ಉಂಟು, ನನ್ನದು 192.168.1.5, ಅವಳದು 192.168.1.6. ಒಂದು ಕೂಗಿದರೆ ಇನ್ನೊಂದಕ್ಕೆ ಕೇಳುತ್ತದೆಯೇ? ‘ಪಿಂಗ್’ ಎಂಬ ಆಜ್ಞೆ ಕೊಟ್ಟಾಗ ಅವಳ ಯಂತ್ರ ನಾಲ್ಕು ಸಲ ಕೂಗಿತು. ನನ್ನದು ನಾಲ್ಕು ಸಲವೂ ಓಗೊಟ್ಟಿತು. ಹೊರಗಿನವರನ್ನು ತಡೆಯುವ ಕಾವಲು ತಂತ್ರಾಂಶ ಅಡ್ಡಬಂದಿದೆಯೇ? ಎರಡು ಯಂತ್ರಗಳಲ್ಲಿಯೂ ಈ ಆಟಕ್ಕೆ ತಡೆಯಿರಲಿಲ್ಲ. ಎಲ್ಲವೂ ಸರಿಯಾಗಿದ್ದು ಆಟ ಮಾತ್ರ ಕೂಡುತ್ತಿಲ್ಲ!

ಅಷ್ಟರಲ್ಲಿ ಅಕ್ಕನ ತೆರೆಯನ್ನು ಬಗ್ಗಿ ನೋಡುತ್ತಿದ್ದ ಪುಟ್ಟ, “ತಾತ, ಇಲ್ಲಿ ನಮ್ಮ ವಿಳಾಸ ಬೇರೆ ಇದೆ” ಎಂದ. ಕೋಟೆಯ ಹೆಸರಿನ ಕೆಳಗೆ ಸಣ್ಣ ಅಂಕೆಗಳಲ್ಲಿ 127.0.1.1 ಎಂದು ಬರೆದಿತ್ತು. ಸಂಜೆಯ ತನಕ ನಮ್ಮ ಮೂವರಲ್ಲಿ ಯಾರಿಗೂ ಅದು ಕಣ್ಣಿಗೆ ಬಿದ್ದಿರಲಿಲ್ಲ.

127 ಎಂದು ಆರಂಭವಾಗುವ ವಿಳಾಸಗಳಿಗೆ ಗಣಕಯಂತ್ರಗಳ ಲೋಕದಲ್ಲಿ ಒಂದು ವಿಶೇಷ ಅರ್ಥವಿದೆ. ಅದಕ್ಕೆ ‘ನಾನು’ ಎಂದು ಅರ್ಥ. ಯಂತ್ರವು ತನ್ನೊಂದಿಗೆ ತಾನೇ ಮಾತಾಡಿಕೊಳ್ಳುವಾಗ ಬಳಸುವ ವಿಳಾಸ ಅದು. ಕೆಲವು ಬಗೆಯ ಲಿನಕ್ಸ್‌ಗಳಲ್ಲಿ ‘ಹೋಸ್ಟ್ಸ್’ ಎಂಬ ಪುಟ್ಟ ಕಡತವೊಂದಿದ್ದು, ಅದರಲ್ಲಿ ಯಂತ್ರದ ಹೆಸರಿನ ಮುಂದೆ 127.0.1.1 ಎಂದೇ ಬರೆದಿರುತ್ತದೆ. ಆಟವು ‘ನಾನಿರುವ ಈ ಯಂತ್ರದ ವಿಳಾಸವೇನು?’ ಎಂದು ಕೇಳಿದೆ. ಕಡತ ನೋಡಿ ಉತ್ತರ ಬಂದಿದೆ. ಆಟ ಅದನ್ನೇ ಅಕ್ಕನ ಯಂತ್ರಕ್ಕೆ ಕಳುಹಿಸಿದೆ. ನೆಂಟರಿಗೆ ಕಾಗದ ಬರೆದು, ವಿಳಾಸದ ಜಾಗದಲ್ಲಿ ‘ನಮ್ಮ ಮನೆಗೆ ಬನ್ನಿ’ ಎಂದಷ್ಟೇ ಬರೆದ ಹಾಗಾಯಿತು ಇದು. ಓದಿದವರಿಗೆ ‘ನಮ್ಮ ಮನೆ’ ಎಂದರೆ ಅವರ ಮನೆಯೇ. ಅಕ್ಕನ ಯಂತ್ರ ಅಷ್ಟು ಹೊತ್ತೂ ತನ್ನ ಮನೆಯ ಬಾಗಿಲನ್ನು ತಾನೇ ತಟ್ಟುತ್ತ, ಯಾರೂ ತೆರೆಯುವುದಿಲ್ಲವೆಂದು ನಮಗೆ ವರದಿ ಮಾಡುತ್ತಿತ್ತು.

ಹಳೆಯ ವಿದ್ಯಾರ್ಥಿ ದೂರವಾಣಿಯಲ್ಲಿ ಹೇಳಿಕೊಟ್ಟಂತೆ ಗುಪ್ತಪದವನ್ನು ಕೊಟ್ಟು ಆ ಕಡತವನ್ನು ತೆರೆದು, 127.0.1.1 ಇದ್ದಲ್ಲಿ 192.168.1.5 ಎಂದು ತಿದ್ದಿದೆ. ಮೂರು ದಶಕಗಳಲ್ಲಿ ನಾನು ತಿದ್ದಿದ ಸಾಲುಗಳಿಗೆ ಲೆಕ್ಕವಿಲ್ಲ. ಆದರೆ ಅಷ್ಟು ಎಚ್ಚರಿಕೆಯಿಂದ ತಿದ್ದಿದ ಸಾಲು ಅದೊಂದೇ ಇರಬೇಕು. ಆಟವನ್ನು ಮುಚ್ಚಿ ಮತ್ತೆ ತೆರೆದೆವು. ರಾತ್ರಿ ಒಂಬತ್ತು ಗಂಟೆಯ ಹೊತ್ತಿಗೆ ಕೋಟೆಯ ಅಂಗಳದಲ್ಲಿ ಎರಡನೆಯ ವೀರನೊಬ್ಬ ಬಂದು ಮೊದಲನೆಯವನ ಪಕ್ಕದಲ್ಲಿ ನಿಂತ.

ಆ ರಾತ್ರಿ ಮಕ್ಕಳನ್ನು ‘ಮಲಗಿ’ ಎಂದು ಯಾರೂ ಹೇಳಲಿಲ್ಲ. ನಡುವೆ ಒಮ್ಮೆ ಪುಟ್ಟ ಗಂಟೆ ಎಷ್ಟಾಯಿತೆಂದು ನೋಡಲು ಆಲ್ಟ್ ಮತ್ತು ಟ್ಯಾಬ್ ಕೀಲಿಗಳನ್ನು ಒತ್ತಿ ಆಟದಿಂದ ಹೊರಗೆ ಹೋಗಿ ಬಂದ. ಬಂದು ನೋಡಿದರೆ ಅವನ ವೀರನು ಯಾರೂ ಹೇಳದೆಯೇ ಗೋಡೆಗೆ ಮುಖವೊತ್ತಿಕೊಂಡು ಓಡುತ್ತಲೇ ಇದ್ದ! ಅಕ್ಕನೇ ಕಾರಣ ಹೇಳಿದಳು: ಕೀಲಿ ಒತ್ತಿದ ಸುದ್ದಿ ಆಟಕ್ಕೆ ತಲುಪಿದೆ, ಬಿಟ್ಟ ಸುದ್ದಿ ತಲುಪಿಲ್ಲ, ಅಷ್ಟರಲ್ಲಿ ಪುಟ್ಟ ಹೊರಗೆ ಹೋಗಿದ್ದಾನೆ. ಅದೇ ಕೀಲಿಯನ್ನು ಇನ್ನೊಮ್ಮೆ ಒತ್ತಿ ಬಿಟ್ಟ ಕೂಡಲೇ ವೀರನು ನಿಂತ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಬುರುಜನ್ನು ಸೇರುವ ವೇಳೆಗೆ ಬೀದಿಯಲ್ಲಿ ಹಾಲಿನವನ ಬೈಸಿಕಲ್ಲಿನ ಗಂಟೆ ಕೇಳಿಸುತ್ತಿತ್ತು. ಮಧ್ಯಾಹ್ನ ರೈಲು ಹೊರಟಾಗ ಪುಟ್ಟ ಅಳಲಿಲ್ಲ. ಕಿಟಕಿಯ ಬಳಿ ನಿಂತು, ಮುಂದಿನ ಸಲ ಯಾವ ಬಾಗಿಲನ್ನು ಯಾರು ತೆರೆಯಬೇಕೆಂದು ಅಕ್ಕನ ಹತ್ತಿರ ಮಾತಾಡುತ್ತಿದ್ದ.

ಈಗ ಕಾಲ ಬದಲಾಗಿದೆ. 2018ರಲ್ಲಿ ಅಮೆರಿಕದ ವಾಲ್ವ್ ಸಂಸ್ಥೆ, ವೈನ್ ಅನ್ನೇ ಆಧಾರವಾಗಿಟ್ಟುಕೊಂಡು, ಪ್ರೋಟಾನ್ ಎಂಬ ದ್ವಿಭಾಷಿಯನ್ನು ಹೊರತಂದಿತು. 2022ರಲ್ಲಿ ಅದೇ ಸಂಸ್ಥೆ ಹೊರತಂದ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಎಂಬ ಯಂತ್ರದ ಒಳಗಿರುವುದು ಲಿನಕ್ಸ್. ಆದರೂ ವಿಂಡೋಸ್‌ನ ಸಾವಿರಾರು ಆಟಗಳು ಅದರಲ್ಲಿ ನಡೆಯುತ್ತವೆ. ನಾವು ನಾಲ್ಕು ದಿನ ಹೆಣಗಿದಂಥ ಎಷ್ಟೋ ತೊಡಕುಗಳು ಈಗ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಆದರೆ ತೊಡಕುಗಳು ಪೂರ್ತಿಯಾಗಿ ತೀರುವ ಕಾಲ ಯಂತ್ರಗಳಿಗೂ ಬರಲಾರದು, ಮನುಷ್ಯರಿಗೂ ಬರಲಾರದು. ಏನಾದರೂ ಕೆಟ್ಟಾಗ, ಮೊದಲು ‘ಯಾರು ಕೆಡಿಸಿದರು?’ ಎಂದು ಕೇಳುವ ಬದಲು ‘ಎಲ್ಲಿಯ ತನಕ ಸರಿಯಾಗಿದೆ?’ ಎಂದು ಕೇಳಬೇಕೆಂಬುದನ್ನು, 32 ವರ್ಷ ಪಾಠ ಹೇಳಿದ ಮೇಲೆ, ನಾನು ಮೊಮ್ಮಗಳ ನೋಟುಪುಸ್ತಕದಿಂದ ಕಲಿತೆ.

ಆ ಹಳೆಯ ಕೀಲಿಮಣೆ ಇನ್ನೂ ನನ್ನ ಬಳಿ ಇದೆ. ಈ ಪ್ರಬಂಧವನ್ನು ಬರೆದದ್ದೂ ಅದರಲ್ಲಿಯೇ. ‘ಮೈಸೂರು’ ಎಂದು ಬರೆಯುವಾಗಲೆಲ್ಲ ಐತ್ವಕ್ಕಾಗಿ 25ನೆಯ ಕೀಲಿಯನ್ನು ಒತ್ತಬೇಕು. ಒತ್ತಿದಾಗಲೆಲ್ಲ, ಗೋಡೆಯ ಕಡೆಗೆ ಮುಖಮಾಡಿ ಮಲಗಿದ್ದ ಒಬ್ಬ ಹುಡುಗನ ನೆನಪಾಗುತ್ತದೆ.